ಹಳ್ಳಿಯ ಪರದೆಗೆ ಹೊಂದುವ ಚಿತ್ರ: ಡಿ.ವಿ.ಡಿ.ಗಾಗಿ ವಿಡಿಯೋ ಕಡತಗಳ ಅಳತೆ ಮತ್ತು ಪರಿವರ್ತನೆ

ಕೃಷಿಯ ಹೊಸ ತಿಳಿವಳಿಕೆಯನ್ನು ಹಳ್ಳಿಗಳಿಗೆ ತಲುಪಿಸುವಲ್ಲಿ ಚಲನಚಿತ್ರಕ್ಕೆ ವಿಶೇಷ ಸ್ಥಾನವಿದೆ. ಓದುಬರಹ ಬಲ್ಲವರಿಗೂ ಬಾರದವರಿಗೂ ಅದು ಸಮಾನವಾಗಿ ತಿಳಿಯುತ್ತದೆ. ನಮ್ಮ ದೇಶದಲ್ಲಿ ಈ ದಿಸೆಯಲ್ಲಿ ನಡೆದ ಬಹು ದೊಡ್ಡ ಪ್ರಯತ್ನವೆಂದರೆ 1975ರ ಆಗಸ್ಟ್‌ನಿಂದ 1976ರ ಜುಲೈವರೆಗಿನ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾಮೂಹಿಕ ದೂರದರ್ಶನ ಪೆಟ್ಟಿಗೆಗಳನ್ನು ಇರಿಸಿ, ಕೃಷಿ, ಆರೋಗ್ಯ ಮತ್ತು ಶಿಕ್ಷಣಕ್ಕೆ ಸಂಬಂಧಿಸಿದ ಕಾರ್ಯಕ್ರಮಗಳನ್ನು ಉಪಗ್ರಹದ ಮೂಲಕ ತೋರಿಸಲಾಯಿತು. ಕರ್ನಾಟಕದ ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಗಳೂ ನೆರೆಯ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯೂ ಈ ಪ್ರಯೋಗದ ವ್ಯಾಪ್ತಿಯಲ್ಲಿದ್ದವು.

ಅಂದು ಮೇದಕ್ ಜಿಲ್ಲೆಗೆ ಸೇರಿದ್ದ ಪಟಾನ್‌ಚೆರು ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಅಂತರರಾಷ್ಟ್ರೀಯ ಅರೆಶುಷ್ಕ ಉಷ್ಣವಲಯ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಇಕ್ರಿಸ್ಯಾಟ್, 1972ರಲ್ಲಿ ಸ್ಥಾಪನೆಯಾಗಿ ಇಲ್ಲಿಯೇ ನೆಲೆಗೊಂಡಿತು. ಜೋಳ, ಸಜ್ಜೆ, ರಾಗಿ, ತೊಗರಿ, ಕಡಲೆ, ಶೇಂಗಾ ಇದರ ಮುಖ್ಯ ಬೆಳೆಗಳು; ಇವು ಉತ್ತರ ಕರ್ನಾಟಕದ ಒಣ ಬೇಸಾಯಗಾರನ ಬೆಳೆಗಳೂ ಹೌದು. ಪಟಾನ್‌ಚೆರುವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಜಹೀರಾಬಾದ್ ದಾಟಿ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳ ಕಡೆಗೆ ಸಾಗುತ್ತದೆ. ಇದೇ ಹೆದ್ದಾರಿಯ ಜಹೀರಾಬಾದ್ ಸಮೀಪದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಹಳ್ಳಿಯ ದಲಿತ ಮಹಿಳೆಯರೇ ಕ್ಯಾಮರಾ ಹಿಡಿದು ತಮ್ಮ ಬೆಳೆ, ಬೀಜ, ಬದುಕುಗಳ ಚಿತ್ರಗಳನ್ನು ತಯಾರಿಸಿದ್ದಾರೆ.

ಇಂಥ ಚಿತ್ರಗಳು ಹಳ್ಳಿಗೆ ಹೋಗಲು ಬಹುಕಾಲ ಡಿ.ವಿ.ಡಿ. ಒಂದು ಸುಲಭ ವಾಹನವಾಗಿತ್ತು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರೂಪುಗೊಂಡ ‘ಡಿಜಿಟಲ್ ಗ್ರೀನ್’ ಯೋಜನೆಯು ಗ್ರೀನ್ ಫೌಂಡೇಶನ್ ಸಂಸ್ಥೆಯೊಡನೆ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಆರಂಭಿಸಿದಾಗ, ರೈತರೇ ಕಾಣಿಸಿಕೊಳ್ಳುವ ಚಿತ್ರಗಳನ್ನು ದೂರದರ್ಶನ ಪೆಟ್ಟಿಗೆ ಮತ್ತು ಡಿ.ವಿ.ಡಿ. ಪ್ಲೇಯರ್‌ಗಳ ಮೂಲಕವೇ ಗುಂಪುಗಳಿಗೆ ತೋರಿಸಲಾಯಿತು. ಇಂದು ಇಂಥ ಚಿತ್ರಗಳು ಹೆಚ್ಚಾಗಿ ಕೈಫೋನಿನಲ್ಲಿಯೇ ಹರಿದಾಡುತ್ತಿವೆ. ಆದರೂ ಅಂತರಜಾಲದ ಸಂಪರ್ಕ ನೆಚ್ಚಿಕೊಳ್ಳುವಂತಿಲ್ಲದ ಕಡೆ, ಶಾಲೆ, ಸ್ವಸಹಾಯ ಸಂಘದ ಕೊಠಡಿ ಅಥವಾ ಸಮುದಾಯ ಭವನದಲ್ಲಿ ಸುಸ್ಥಿತಿಯಲ್ಲಿರುವ ಪ್ಲೇಯರ್ ಒಂದಿದ್ದರೆ, ನಲವತ್ತು ಜನ ಒಟ್ಟಿಗೆ ಕುಳಿತು ನೋಡಿ ಚರ್ಚಿಸುವುದಕ್ಕೆ ಅದು ಇಂದಿಗೂ ಉಪಯುಕ್ತ ಸಾಧನ.

ತೊಡಕು ಇರುವುದು ಬೇರೆಡೆ. ಇಂದಿನ ಕ್ಯಾಮರಾ ಅಥವಾ ಕೈಫೋನು ನೀಡುವ ಕಡತದ ಅಳತೆ ಒಂದು, ಡಿ.ವಿ.ಡಿ. ಪ್ಲೇಯರ್ ಒಪ್ಪಿಕೊಳ್ಳುವ ಅಳತೆ ಇನ್ನೊಂದು. ಇವೆರಡನ್ನೂ ಹೊಂದಿಸುವ ಕಾರ್ಯಕ್ಕೆ ಪರಿವರ್ತನೆ ಎಂದು ಹೆಸರು. ತಂತ್ರಾಂಶದ ಒಂದು ಗುಂಡಿ ಒತ್ತಿದರೆ ಈ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ, ಹಿಂದಿನ ಸಾಲಿನಲ್ಲಿ ಕುಳಿತ ರೈತನಿಗೆ ಯಾವುದು ಕಾಣಬೇಕು, ಯಾವುದು ಕಾಣದೆ ಹೋದರೂ ನಡೆದೀತು ಎಂಬ ನಿರ್ಧಾರವು ಈ ಹಂತದಲ್ಲಿಯೇ ಆಗಿಹೋಗುತ್ತದೆ.

ಏನು ನಷ್ಟವಾಗಬಹುದು?

ಕಲಬುರಗಿ, ಬೀದರ್ ಭಾಗದ ತೊಗರಿ ಬೆಳೆಗಾರರಿಗೆ ನೆಟೆ ರೋಗದ ಪರಿಚಯವಿದೆ. ಈ ರೋಗ ತಗುಲಿದ ಗಿಡದ ಕಾಂಡದ ಮೇಲೆ ಬುಡದಿಂದ ಮೇಲಕ್ಕೆ ನೇರಳೆಗಪ್ಪು ಬಣ್ಣದ ಪಟ್ಟಿಯೊಂದು ಏರುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಬಂಜೆ ರೋಗದಲ್ಲಿ ಗಿಡ ಒಣಗುವುದಿಲ್ಲ. ಎಲೆಗಳು ಚಿಕ್ಕವಾಗಿ, ತಿಳಿಹಸಿರು ಮತ್ತು ಕಡುಹಸಿರಿನ ಮಚ್ಚೆಗಳನ್ನು ತಳೆಯುತ್ತವೆ, ಹೂವು ಕಾಯಿ ಕಟ್ಟುವುದಿಲ್ಲ. ಮೊದಲನೆಯದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವಂಥದು. ಎರಡನೆಯದು ನುಸಿಯ ಮೂಲಕ ಹರಡುವ ನಂಜುರೋಗ. ಎರಡಕ್ಕೂ ಕ್ರಮ ಬೇರೆ ಬೇರೆ.

ಚಿತ್ರದಲ್ಲಿ ಇವೆರಡನ್ನು ಪ್ರತ್ಯೇಕಿಸುವುದು ಒಂದು ಕಿರಿದಾದ ಗೆರೆ ಹಾಗೂ ಹಸಿರಿನ ಎರಡು ಛಾಯೆಗಳು ಮಾತ್ರ. ಪರಿವರ್ತನೆಯಲ್ಲಿ ಗೆರೆ ಅಳಿಸಿ, ಛಾಯೆ ಕದಡಿದರೆ, ಚಿತ್ರವೇನೋ ಓಡುತ್ತದೆ. ಆದರೆ ಅದು ಕಲಿಸಬೇಕಾದ ಪಾಠವನ್ನು ಕಲಿಸುವುದಿಲ್ಲ. ಬೀಜೋಪಚಾರದ ಪ್ರಮಾಣವನ್ನು ಪರದೆಯ ಅಡಿಯಲ್ಲಿ ಬರೆದಿದ್ದು, ಆ ಸಾಲು ಅಂಚಿನಲ್ಲಿ ಕತ್ತರಿಸಿ ಹೋದರೆ ಆಗುವ ಹಾನಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಡಿ.ವಿ.ಡಿ. ಬಯಸುವ ರೂಪ

ಡಿ.ವಿ.ಡಿ. ಮುದ್ರಿಕೆಗಳು 1996ರಲ್ಲಿ ಜಪಾನಿನಲ್ಲಿ ಮೊದಲು ಮಾರುಕಟ್ಟೆಗೆ ಬಂದವು. ಅದರ ನಿಯಮಗಳು ಆ ಕಾಲದ ದೂರದರ್ಶನ ಪದ್ಧತಿಯನ್ನು ಅನುಸರಿಸಿ ರಚಿತವಾದವು. ನಮ್ಮ ದೇಶವು ‘ಪಾಲ್’ ಎಂಬ ಪದ್ಧತಿಯನ್ನು ಅನುಸರಿಸಿತು. ಅದರಂತೆ ಡಿ.ವಿ.ಡಿ. ಚಿತ್ರದ ಪೂರ್ಣ ಅಳತೆ ಅಡ್ಡಕ್ಕೆ 720, ಲಂಬಕ್ಕೆ 576 ಚಿತ್ರಬಿಂದುಗಳು. ಸೆಕೆಂಡಿಗೆ 25 ಚೌಕಟ್ಟುಗಳು. ಅಮೆರಿಕ, ಜಪಾನ್‌ಗಳ ‘ಎನ್‌ಟಿಎಸ್‌ಸಿ’ ಪದ್ಧತಿಯಲ್ಲಿ ಇದು 720 ಮತ್ತು 480 ಬಿಂದುಗಳು, ಸೆಕೆಂಡಿಗೆ ಸುಮಾರು 30 ಚೌಕಟ್ಟುಗಳು. ಚಿತ್ರವನ್ನು ‘ಎಂಪೆಗ್-2’ ಎಂಬ ವಿಧಾನದಿಂದ ಸಂಕೋಚಿಸಿರಬೇಕು; ಧ್ವನಿಯನ್ನು ಸೆಕೆಂಡಿಗೆ 48,000 ಮಾದರಿಗಳಂತೆ ದಾಖಲಿಸಿರಬೇಕು.

ಇಂದಿನ ಕೈಫೋನುಗಳು ಸಾಮಾನ್ಯವಾಗಿ 1920 ಮತ್ತು 1080 ಬಿಂದುಗಳ ಅಳತೆಯಲ್ಲಿ, ‘ಎಚ್.264’ ಮುಂತಾದ ಹೊಸ ಸಂಕೋಚನ ವಿಧಾನದಲ್ಲಿ ಚಿತ್ರವನ್ನು ದಾಖಲಿಸುತ್ತವೆ. ಅಂಥ ಕಡತವನ್ನು ಹಾಗೆಯೇ ಮುದ್ರಿಕೆಗೆ ನಕಲು ಮಾಡಿದರೆ ಅದು ದತ್ತಾಂಶದ ಮುದ್ರಿಕೆಯಾಗುತ್ತದೆಯೇ ಹೊರತು ಡಿ.ವಿ.ಡಿ. ಚಿತ್ರವಾಗುವುದಿಲ್ಲ, ಗಣಕಯಂತ್ರ ಅದನ್ನು ತೆರೆದು ತೋರಿಸಿದರೂ ಸಾಮಾನ್ಯ ಪ್ಲೇಯರ್ ತಿರಸ್ಕರಿಸುತ್ತದೆ.

ಅಳತೆಯನ್ನು ಕುಗ್ಗಿಸುವಾಗ

ಲೆಕ್ಕ ಹಾಕಿ ನೋಡಿದರೆ, ಕೈಫೋನಿನ ಒಂದು ಚೌಕಟ್ಟಿನಲ್ಲಿ 20,73,600 ಬಿಂದುಗಳಿರುತ್ತವೆ, ಡಿ.ವಿ.ಡಿ. ಚೌಕಟ್ಟಿನಲ್ಲಿ 4,14,720. ಅಂದರೆ ಸರಿಯಾಗಿ ಐದು ಬಿಂದುಗಳ ಕೆಲಸವನ್ನು ಒಂದು ಬಿಂದು ನಿರ್ವಹಿಸಬೇಕಾಗುತ್ತದೆ. ಮೂಲದಲ್ಲಿ 30 ಗೆರೆಗಳಷ್ಟು ಎತ್ತರವಿದ್ದ ಅಕ್ಷರ ಇಲ್ಲಿ 16 ಗೆರೆಗಳಿಗೆ ಇಳಿಯುತ್ತದೆ. ಕನ್ನಡ ಲಿಪಿಗೆ ಇದು ವಿಶೇಷ ತೊಂದರೆ ಕೊಡುತ್ತದೆ. ನಮ್ಮ ಅಕ್ಷರಗಳಿಗೆ ಮೇಲೆ ತಲಕಟ್ಟು, ಕೆಳಗೆ ಒತ್ತಕ್ಷರ ಇರುವುದರಿಂದ, ಅದೇ ಎತ್ತರದಲ್ಲಿ ಹೆಚ್ಚು ವಿವರ ಅಡಗಿರುತ್ತದೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೆರೆಯಷ್ಟೇ ಎಂಬುದನ್ನು ನೆನಪಿಡಬೇಕು. ಆದ್ದರಿಂದ ಬರಹವನ್ನು ಮೂಲ ಚಿತ್ರದಲ್ಲಿಯೇ ದಪ್ಪವಾಗಿ, ದೊಡ್ಡದಾಗಿ ಬರೆಯುವುದು, ಒಂದು ಪರದೆಗೆ ಎರಡು ಸಾಲುಗಳನ್ನು ಮೀರದಿರುವುದು ಒಳಿತು.

ಹಳೆಯ ದೂರದರ್ಶನ ಪೆಟ್ಟಿಗೆಗಳು ಚಿತ್ರದ ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಇನ್ನೊಮ್ಮೆ ತೋರಿಸುತ್ತವೆ. ಒಂದೇ ಗೆರೆಯಷ್ಟು ತೆಳುವಾದ ಅಡ್ಡಗೀಟು ಒಂದು ಸರದಿಯಲ್ಲಿ ಕಂಡು ಮತ್ತೊಂದರಲ್ಲಿ ಮಾಯವಾಗುವುದರಿಂದ ಅದು ಮಿಣುಕುತ್ತದೆ. ಅಕ್ಷರದ ಯಾವ ಅಡ್ಡಗೀಟೂ ಪರಿವರ್ತನೆಯ ನಂತರ ಎರಡು ಗೆರೆಗಳಿಗಿಂತ ತೆಳುವಾಗಿರಬಾರದು.

ಇದಕ್ಕೆ ಪ್ರತಿಯಾಗಿ, ಹಳೆಯ ಕಾಲದ ಚಿಕ್ಕ ಅಳತೆಯ ಕಡತವನ್ನು ಡಿ.ವಿ.ಡಿ.ಗಾಗಿ ಹಿಗ್ಗಿಸಬೇಕಾದ ಸಂದರ್ಭವೂ ಬರುತ್ತದೆ. ಹಿಗ್ಗಿಸುವುದರಿಂದ ಬಿಂದುಗಳ ಸಂಖ್ಯೆ ಹೆಚ್ಚುತ್ತದೆ. ಹೊಸ ವಿವರ ಹುಟ್ಟುವುದಿಲ್ಲ. ಮೂಲದಲ್ಲಿ ಕಾಣದ ಕಾಂಡದ ಗೆರೆ ದೊಡ್ಡದಾದ ಚಿತ್ರದಲ್ಲಿಯೂ ಕಾಣುವುದಿಲ್ಲ. ಸಾಧ್ಯವಿದ್ದಲ್ಲಿ ಚಿತ್ರ ತಯಾರಿಸಿದವರಿಂದ ಮೂಲ ಪ್ರತಿಯನ್ನೇ ಪಡೆಯಬೇಕು.

ಆಕಾರವನ್ನು ಕಾಪಾಡುವುದು

ಅಳತೆಗಿಂತಲೂ ಹೆಚ್ಚು ಗೊಂದಲ ಉಂಟಾಗುವುದು ಆಕಾರದ ವಿಷಯದಲ್ಲಿ. ಹಳೆಯ ಪೆಟ್ಟಿಗೆಯ ಪರದೆಯ ಅಗಲ ಮತ್ತು ಎತ್ತರಗಳ ಅನುಪಾತ 4:3. ಇಂದಿನ ಚಪ್ಪಟೆ ಪರದೆಯದು 16:9. ಡಿ.ವಿ.ಡಿ.ಯ 720 ಮತ್ತು 576 ಬಿಂದುಗಳು ಈ ಎರಡು ಅನುಪಾತಗಳಲ್ಲಿ ಯಾವುದಕ್ಕೂ ನೇರವಾಗಿ ಹೊಂದುವುದಿಲ್ಲ. ಏಕೆಂದರೆ ಡಿ.ವಿ.ಡಿ.ಯ ಬಿಂದುಗಳು ಚೌಕಾಕಾರದವಲ್ಲ. ಚಿತ್ರವನ್ನು ಅದೇ ಬಿಂದುಗಳಲ್ಲಿ ಅದುಮಿ ಇಟ್ಟು, ‘ಇದನ್ನು 4:3 ಆಗಿ ತೋರಿಸು’ ಅಥವಾ ‘16:9 ಆಗಿ ತೋರಿಸು’ ಎಂಬ ಸೂಚನೆಯನ್ನು ಕಡತದಲ್ಲಿ ಬರೆದಿಡಲಾಗುತ್ತದೆ. ಪ್ಲೇಯರ್ ಆ ಸೂಚನೆಯನ್ನು ಓದಿ ಚಿತ್ರವನ್ನು ಬಿಡಿಸಿ ತೋರಿಸುತ್ತದೆ.

ಸೂಚನೆ ತಪ್ಪಿದರೆ ಅಗಲದ ಚಿತ್ರವು ಮುಕ್ಕಾಲು ಪಾಲಿಗೆ ಕುಗ್ಗಿ, ಮನುಷ್ಯರು ನೀಳವಾಗಿ, ಗುಂಡಾದ ಕಡಲೆ ಕಾಳು ಮೊಟ್ಟೆಯಂತೆ ಕಾಣುತ್ತವೆ. ತಳಿಯನ್ನು ಕಾಳಿನ ಆಕಾರದಿಂದ ಗುರುತಿಸಬೇಕಾದಲ್ಲಿ ಇದು ಅಲ್ಪ ದೋಷವಲ್ಲ.

16:9 ಆಕಾರದಲ್ಲಿ ತೆಗೆದ ಚಿತ್ರವನ್ನು ಅದೇ ಆಕಾರದ ಸೂಚನೆಯೊಡನೆ 576 ಗೆರೆಗಳನ್ನೂ ಬಳಸಿ ಪರಿವರ್ತಿಸುವುದು ಉತ್ತಮ. ಕಪ್ಪು ಪಟ್ಟಿಗಳನ್ನು ನಾವೇ ಸೇರಿಸಿ 4:3 ಮಾಡಿದರೆ ಚಿತ್ರಕ್ಕೆ ದೊರೆಯುವುದು 432 ಗೆರೆಗಳು ಮಾತ್ರ. ಉಳಿದ 144 ಗೆರೆಗಳು ಕಪ್ಪು ಬಣ್ಣಕ್ಕೆ ವ್ಯರ್ಥವಾಗುತ್ತವೆ. ಹಳೆಯ ಪೆಟ್ಟಿಗೆಯಿದ್ದಲ್ಲಿ ಪ್ಲೇಯರಿನ ಹೊಂದಾಣಿಕೆಯಲ್ಲಿ ‘4:3 ಲೆಟರ್‌ಬಾಕ್ಸ್’ ಎಂಬುದನ್ನು ಆರಿಸಿದರೆ ಅದೇ ಪಟ್ಟಿಗಳನ್ನು ಸೇರಿಸಿಕೊಳ್ಳುತ್ತದೆ. ‘ಪ್ಯಾನ್ ಸ್ಕ್ಯಾನ್’ ಎಂಬುದನ್ನು ಆರಿಸಿದರೆ ಚಿತ್ರದ ಇಕ್ಕೆಲಗಳು ಕತ್ತರಿಸಿ ಹೋಗಬಹುದು.

ಕೈಫೋನನ್ನು ನಿಲುವಾಗಿ ಹಿಡಿದು ತೆಗೆದ ಚಿತ್ರವನ್ನು 16:9 ಚೌಕಟ್ಟಿನಲ್ಲಿ ಕೂರಿಸಿದರೆ ಪರದೆಯ ಅಗಲದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಜಾಗವನ್ನು ಅದು ತುಂಬುತ್ತದೆ. ಗುಂಪಿಗೆ ತೋರಿಸುವ ಉದ್ದೇಶವಿದ್ದರೆ ಫೋನನ್ನು ಅಡ್ಡಲಾಗಿ ಹಿಡಿಯಬೇಕೆಂಬುದನ್ನು ಚಿತ್ರೀಕರಣಕ್ಕೆ ಮೊದಲೇ ತಿಳಿಸಬೇಕು.

ಅಂಚು, ವೇಗ, ಬಣ್ಣ

ಹಳೆಯ ಪೆಟ್ಟಿಗೆಗಳು ಚಿತ್ರದ ನಾಲ್ಕೂ ಅಂಚುಗಳನ್ನು ಸ್ವಲ್ಪ ಮರೆಮಾಡುತ್ತವೆ. ಈ ಕಾರಣದಿಂದ ಬರಹವನ್ನು ಪರದೆಯ ಮಧ್ಯದ ಶೇಕಡ 80 ಭಾಗದೊಳಗೆ ಇರಿಸುವುದು ದೂರದರ್ಶನದ ಹಳೆಯ ಪದ್ಧತಿ. ಡಿ.ವಿ.ಡಿ. ಅಳತೆಯಲ್ಲಿ ಮೇಲೆ ಕೆಳಗೆ ಸುಮಾರು 58 ಗೆರೆಗಳನ್ನೂ ಎಡಬಲಗಳಲ್ಲಿ 72 ಬಿಂದುಗಳನ್ನೂ ಖಾಲಿ ಬಿಡಬೇಕು. ‘ಕಿಲೋ ಬೀಜಕ್ಕೆ ಇಷ್ಟು ಗ್ರಾಂ’ ಎಂಬಂಥ ಸಾಲು ಎಂದಿಗೂ ಅಂಚಿಗೆ ತಾಗಿರಬಾರದು. ಅದನ್ನು ಧ್ವನಿಯಲ್ಲಿಯೂ ಎರಡು ಬಾರಿ ಹೇಳಿಸುವುದು ಸುರಕ್ಷಿತ.

ಕೈಫೋನು ಸೆಕೆಂಡಿಗೆ 30 ಚೌಕಟ್ಟುಗಳಲ್ಲಿ ತೆಗೆದ ಚಿತ್ರವನ್ನು 25ಕ್ಕೆ ಇಳಿಸುವಾಗ ಪ್ರತಿ ಆರರಲ್ಲಿ ಒಂದು ಚೌಕಟ್ಟನ್ನು ಬಿಡಬೇಕಾಗುತ್ತದೆ. ಇದರಿಂದ ಚಲನೆಯಲ್ಲಿ ಸಣ್ಣ ತಡವರಿಕೆ ಕಾಣಿಸುತ್ತದೆ. ಅನೇಕ ಫೋನುಗಳಲ್ಲಿ ಬೆಳಕಿಗೆ ತಕ್ಕಂತೆ ಚೌಕಟ್ಟುಗಳ ಸಂಖ್ಯೆಯೇ ಏರಿಳಿಯುವುದರಿಂದ, ಪರಿವರ್ತನೆಯ ನಂತರ ಮಾತು ಮತ್ತು ತುಟಿಚಲನೆ ಹೊಂದದೆ ಹೋಗುವುದುಂಟು. ಕ್ಯಾಮರಾದಲ್ಲಿ 25 ಚೌಕಟ್ಟುಗಳ ಆಯ್ಕೆಯಿದ್ದರೆ ಅದನ್ನು ಬಳಸಬೇಕು. ಇಲ್ಲವಾದರೆ ಸ್ಥಿರ ವೇಗಕ್ಕೆ ಮೊದಲು ತಂದು ನಂತರ ಮುಂದುವರಿಯಬೇಕು.

ಬಣ್ಣದ ವಿಚಾರವನ್ನು ಹಲವರು ಗಮನಿಸುವುದಿಲ್ಲ. ಹೊಸ ಕ್ಯಾಮರಾಗಳ ದೊಡ್ಡ ಅಳತೆಯ ಚಿತ್ರಕ್ಕೂ ಡಿ.ವಿ.ಡಿ.ಯ ಚಿತ್ರಕ್ಕೂ ಬಣ್ಣವನ್ನು ಅಂಕಿಗಳಾಗಿ ಬರೆಯುವ ಸೂತ್ರಗಳು ಬೇರೆ. ಮೊದಲನೆಯದು ‘709’ ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವನ್ನೂ ಎರಡನೆಯದು ‘601’ ಎಂಬುದನ್ನೂ ಅನುಸರಿಸುತ್ತದೆ. ಸೂತ್ರವನ್ನು ಬದಲಿಸದೆ ಅಳತೆಯನ್ನಷ್ಟೇ ಬದಲಿಸಿದರೆ ಹಸಿರು ಮತ್ತು ಕೆಂಪು ಬಣ್ಣಗಳ ಛಾಯೆ ಸ್ವಲ್ಪ ಸರಿಯುತ್ತದೆ. ಮದುವೆಯ ಚಿತ್ರದಲ್ಲಿ ಯಾರೂ ಗುರುತಿಸದ ಈ ವ್ಯತ್ಯಾಸ ಎಲೆಯ ರೋಗವನ್ನು ತೋರಿಸುವ ಚಿತ್ರದಲ್ಲಿ ಮುಖ್ಯವಾಗುತ್ತದೆ. ಬಳಸುವ ತಂತ್ರಾಂಶದಲ್ಲಿ ಬಣ್ಣದ ಮಾನಕದ ಆಯ್ಕೆಯನ್ನು ಪರಿಶೀಲಿಸಬೇಕು.

ಮುದ್ರಿಕೆಯ ಜಾಗದ ಲೆಕ್ಕ

ಒಂದು ಪದರದ ಮುದ್ರಿಕೆಯ ಸಾಮರ್ಥ್ಯ 4.7 ಗಿಗಾಬೈಟ್ ಎಂದು ಹೊದಿಕೆಯ ಮೇಲೆ ಮುದ್ರಿತವಾಗಿರುತ್ತದೆ. ಗಣಕಯಂತ್ರ ಅದನ್ನು ಹೆಚ್ಚಾಗಿ 4.37 ಎಂದು ತೋರಿಸುತ್ತದೆ. ಇದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ಗಣಕಯಂತ್ರವು 1,024ರ ಲೆಕ್ಕದಲ್ಲಿಯೂ ಎಣಿಸುವುದೇ ಕಾರಣ. ಒಂದು ಬೈಟ್‌ಗೆ ಎಂಟು ಬಿಟ್‌ಗಳಂತೆ ಮುದ್ರಿಕೆಯಲ್ಲಿ ಒಟ್ಟು 37,600 ಮೆಗಾಬಿಟ್‌ಗಳಿಗೆ ಸ್ಥಳವಿದೆ. ಶೇಕಡ 5ರಷ್ಟನ್ನು ಇತರ ಅಗತ್ಯಗಳಿಗೆ ಬಿಟ್ಟರೆ 35,720 ಉಳಿಯುತ್ತದೆ.

ಎರಡು ಗಂಟೆಯ, ಅಂದರೆ 7,200 ಸೆಕೆಂಡುಗಳ ಚಿತ್ರಕ್ಕೆ ಇದನ್ನು ಹಂಚಿದರೆ ಸೆಕೆಂಡಿಗೆ ಸುಮಾರು 4.96 ಮೆಗಾಬಿಟ್ ದೊರೆಯುತ್ತದೆ. ಧ್ವನಿಗೆ 0.19 ಕಳೆದರೆ ಚಿತ್ರಕ್ಕೆ ಸುಮಾರು 4.8. ಇದು ತೃಪ್ತಿಕರ. ಮೂರು ಗಂಟೆಯ ಚಿತ್ರವನ್ನು ತುಂಬಿದರೆ ಚಿತ್ರದ ಪಾಲು ಸುಮಾರು 3.1ಕ್ಕೆ ಇಳಿದು, ಪರದೆಯ ಮೇಲೆ ಚೌಕಚೌಕವಾದ ಕಲೆಗಳು ಕಾಣತೊಡಗುತ್ತವೆ. ಅಂಥ ಸಂದರ್ಭದಲ್ಲಿ ಎರಡು ಮುದ್ರಿಕೆಗಳನ್ನು ಬಳಸುವುದೇ ವಿವೇಕ. ಇನ್ನೊಂದೆಡೆ, ಚಿತ್ರಕ್ಕೆ ಗರಿಷ್ಠ ಮಿತಿ ಸೆಕೆಂಡಿಗೆ 9.8 ಮೆಗಾಬಿಟ್. ಮನೆಯಲ್ಲಿ ಬರೆದ ಮುದ್ರಿಕೆಯನ್ನು ಹಳೆಯ ಪ್ಲೇಯರುಗಳು ಅಷ್ಟು ವೇಗದಲ್ಲಿ ಓದಲಾರದೆ ತಡೆದು ನಿಲ್ಲುವುದುಂಟು. ಸರಾಸರಿ 6, ಗರಿಷ್ಠ 8 ಎಂಬ ಮಿತಿಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಎಂಪೆಗ್-2 ವಿಧಾನವು ಆಗೊಂದು ಪೂರ್ಣ ಚಿತ್ರವನ್ನು ಇರಿಸಿಕೊಂಡು, ನಡುವಣ ಚೌಕಟ್ಟುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ನಮ್ಮ ಪದ್ಧತಿಯಲ್ಲಿ ಪ್ರತಿ 15 ಚೌಕಟ್ಟುಗಳೊಳಗೆ ಒಂದು ಪೂರ್ಣ ಚಿತ್ರ ಇರಲೇಬೇಕು. ಕುಳಿತು ಮಾತನಾಡುವ ವ್ಯಕ್ತಿಯ ದೃಶ್ಯದಲ್ಲಿ ಬದಲಾವಣೆ ಅಲ್ಪ. ಗಾಳಿಗೆ ತೂಗುವ ಸಜ್ಜೆಯ ಹೊಲದಲ್ಲಿ ಪ್ರತಿ ತೆನೆಯೂ ಚಲಿಸುವುದರಿಂದ ಬದಲಾವಣೆ ಅಪಾರ. ಹೀಗಾಗಿ ಕೃಷಿ ಚಿತ್ರಗಳು ಇತರ ಚಿತ್ರಗಳಿಗಿಂತ ಹೆಚ್ಚು ಬಿಟ್‌ಗಳನ್ನು ಬೇಡುತ್ತವೆ. ಚಿತ್ರವನ್ನು ಮೊದಲು ಪರಿಶೀಲಿಸಿ ನಂತರ ಬರೆಯುವ ‘ಎರಡು ಸುತ್ತಿನ’ ಸಂಕೋಚನವನ್ನು ಆರಿಸಿದರೆ, ತಂತ್ರಾಂಶವು ಸುಲಭ ದೃಶ್ಯಗಳಲ್ಲಿ ಉಳಿಸಿದ ಬಿಟ್‌ಗಳನ್ನು ಇಂಥ ಕಠಿಣ ದೃಶ್ಯಗಳಿಗೆ ಒದಗಿಸುತ್ತದೆ.

ಒಂದು ಮುದ್ರಿಕೆ, ಹಲವು ಭಾಷೆ

ಡಿ.ವಿ.ಡಿ.ಯ ಒಂದು ಗುಣ ಗಡಿನಾಡಿಗೆ ಬಹಳ ಒಪ್ಪುತ್ತದೆ. ಒಂದೇ ಚಿತ್ರಕ್ಕೆ ಎಂಟು ಧ್ವನಿಪಟ್ಟಿಗಳನ್ನೂ 32 ಅಡಿಬರಹಗಳನ್ನೂ ಜೋಡಿಸಬಹುದು. ಇಕ್ರಿಸ್ಯಾಟ್ ಪಾಲ್ಗೊಂಡು, ಜೋಳದ ಬೇರಿಗೆ ಅಂಟಿ ಬೆಳೆಯುವ ಸ್ಟ್ರೈಗಾ ಕಳೆಯ ಕುರಿತು 2010ರ ದಶಕದ ಆರಂಭದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಸಿದ್ಧವಾದ ಚಿತ್ರಸರಣಿಯನ್ನು ಹಲವು ಭಾಷೆಗಳಲ್ಲಿ ಡಿ.ವಿ.ಡಿ.ಗಳ ಮೂಲಕ ರೈತರಿಗೆ ಹಂಚಲಾಯಿತು. ತೆಲುಗು, ಕನ್ನಡ, ಮರಾಠಿ, ಹಿಂದಿ ಬೆರೆತಿರುವ ಜಹೀರಾಬಾದ್, ಬೀದರ್ ಸೀಮೆಗೂ ಇದೇ ವಿಧಾನ ಸಲ್ಲುತ್ತದೆ. 40 ನಿಮಿಷದ ಚಿತ್ರವೊಂದಕ್ಕೆ ಸೆಕೆಂಡಿಗೆ 6 ಮೆಗಾಬಿಟ್‌ನ ಚಿತ್ರ, ತಲಾ 0.19 ಮೆಗಾಬಿಟ್‌ನ ನಾಲ್ಕು ಧ್ವನಿಪಟ್ಟಿಗಳನ್ನು ಸೇರಿಸಿದರೂ ಬೇಕಾಗುವುದು ಸುಮಾರು 2 ಗಿಗಾಬೈಟ್. ಅರ್ಧ ಮುದ್ರಿಕೆಗೂ ಕಡಿಮೆ. ಭಾಷೆಯ ಆಯ್ಕೆಯನ್ನು ಮೊದಲ ಪರದೆಯಲ್ಲಿಯೇ ಆಯಾ ಲಿಪಿಯಲ್ಲಿ ದೊಡ್ಡದಾಗಿ ಬರೆಯಬೇಕು.

ಕೆಲಸದ ಕ್ರಮ

ಬೆಲೆಯಿಲ್ಲದೆ ದೊರೆಯುವ ‘ಎಫ್‌ಎಫ್‌ಎಂಪೆಗ್’ ತಂತ್ರಾಂಶದಲ್ಲಿ ಪಾಲ್ ಡಿ.ವಿ.ಡಿ.ಗೆ ಬೇಕಾದ ಅಳತೆ, ವೇಗ ಮತ್ತು ಧ್ವನಿಯ ಸಿದ್ಧ ಹೊಂದಾಣಿಕೆಯಿದೆ. ಆದರೆ ಆಕಾರವನ್ನು 4:3 ಅಥವಾ 16:9 ಎಂದು ನಾವೇ ಸ್ಪಷ್ಟಪಡಿಸುವುದು ಒಳ್ಳೆಯದು. ‘ಡಿವಿಡಿಸ್ಟೈಲರ್’ ತಂತ್ರಾಂಶವು ಆಯ್ಕೆಯ ಪರದೆಗಳನ್ನು ರಚಿಸಿ ಮುದ್ರಿಕೆಯನ್ನು ಸಿದ್ಧಪಡಿಸುತ್ತದೆ. ‘ಹ್ಯಾಂಡ್‌ಬ್ರೇಕ್’ ಎಂಬ ಜನಪ್ರಿಯ ತಂತ್ರಾಂಶವಾದರೋ ಮುದ್ರಿಕೆಯಿಂದ ಕಡತಕ್ಕೆ ತರುವಂಥದು, ಕಡತದಿಂದ ಡಿ.ವಿ.ಡಿ. ಮಾಡಲು ಅದು ಬಾರದು. ಇತರರ ಚಿತ್ರವನ್ನು ಪರಿವರ್ತಿಸಿ ಹಂಚುವ ಮೊದಲು ಅವರ ಅನುಮತಿ ಪಡೆಯುವುದು ಅಗತ್ಯ.

ಮುದ್ರಿಕೆಯನ್ನು ಬರೆಯುವಾಗ ಅತಿವೇಗವನ್ನು ಬಿಟ್ಟು ಮಧ್ಯಮ ವೇಗವನ್ನು ಆರಿಸಬೇಕು. ಬರೆದು ಮುಗಿದ ಮೇಲೆ ಮುದ್ರಿಕೆಯನ್ನು ಮುಕ್ತಾಯಗೊಳಿಸುವ ಹಂತವನ್ನು ಬಿಡಬಾರದು; ಬಿಟ್ಟರೆ ಅನೇಕ ಪ್ಲೇಯರುಗಳು ಅದನ್ನು ಗುರುತಿಸುವುದಿಲ್ಲ. ಅಳಿಸಿ ಮತ್ತೆ ಬರೆಯಬಹುದಾದ ಮುದ್ರಿಕೆಗಳನ್ನು ಹಳೆಯ ಯಂತ್ರಗಳು ಓದದೆ ಇರಬಹುದಾದ್ದರಿಂದ ಒಮ್ಮೆ ಮಾತ್ರ ಬರೆಯುವ ಮುದ್ರಿಕೆಯೇ ಲೇಸು.

ನೂರು ಪ್ರತಿ ಬರೆಯುವ ಮೊದಲು ಒಂದನ್ನು ಬರೆದು ಪರೀಕ್ಷಿಸುವುದು ಎಲ್ಲಕ್ಕಿಂತ ಮುಖ್ಯ. ಈ ಪರೀಕ್ಷೆ ಕಚೇರಿಯ ಗಣಕಯಂತ್ರದ ಮುಂದೆ ನಡೆದರೆ ಸಾಲದು. ಚಿತ್ರ ಪ್ರದರ್ಶಿತವಾಗುವ ಕೊಠಡಿಯಲ್ಲಿ, ಅಲ್ಲಿನ ಪೆಟ್ಟಿಗೆಯಲ್ಲಿ, ಹಗಲಿನ ಬೆಳಕಿನಲ್ಲಿ ಹಿಂದಿನ ಸಾಲಿನಿಂದ ನೋಡಬೇಕು. ಗಾಳಿಗೆ ತೂಗುವ ಹೊಲ ಚೌಕಚೌಕವಾಗಿ ಒಡೆಯುತ್ತಿದೆಯೇ? ಕಾಂಡದ ಮೇಲಿನ ಪಟ್ಟಿ ಕಾಣುತ್ತಿದೆಯೇ? ಎರಡು ಹಸಿರುಗಳು ಬೇರೆ ಬೇರೆಯಾಗಿ ತೋರುತ್ತಿವೆಯೇ? ಪ್ರಮಾಣದ ಸಾಲನ್ನು ಪೂರ್ತಿಯಾಗಿ ಓದಬಹುದೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ತಂತ್ರಜ್ಞರಲ್ಲ, ಅಲ್ಲಿ ಕುಳಿತು ನೋಡುವ ರೈತರು.

ಕೊನೆಯದಾಗಿ, ಪರಿವರ್ತಿತ ಪ್ರತಿಯನ್ನೇ ಏಕೈಕ ಪ್ರತಿಯಾಗಿ ಉಳಿಸಿಕೊಳ್ಳಬಾರದು. ಪರಿವರ್ತನೆಯಲ್ಲಿ ಒಮ್ಮೆ ಬಿಟ್ಟುಹೋದ ವಿವರ ಮರಳಿ ದೊರೆಯುವುದಿಲ್ಲ. ಬರೆದ ಮುದ್ರಿಕೆಗಳು ಗೀರು, ಬಿಸಿಲು, ತೇವಗಳಿಂದ ಕೆಲವೇ ವರ್ಷಗಳಲ್ಲಿ ಹಾಳಾಗಬಹುದು. ಬೀಜದ ಜೋಳವನ್ನು ತಿನ್ನದೆ ಕಾಪಿಟ್ಟುಕೊಳ್ಳುವುದು ಒಕ್ಕಲು ಮನೆಯ ರೂಢಿ. ಮೂಲ ಕಡತವನ್ನು ಹಾಗೆಯೇ ಎರಡು ಬೇರೆ ಸ್ಥಳಗಳಲ್ಲಿ ಕಾಯ್ದಿರಿಸಿದರೆ, ನಾಳೆ ಡಿ.ವಿ.ಡಿ. ಹೋಗಿ ಬೇರೆ ಸಾಧನ ಬಂದಾಗ ಅದರ ಅಳತೆಗೆ ತಕ್ಕಂತೆ ಹೊಸ ಪ್ರತಿಯನ್ನು ತೆಗೆಯಬಹುದು.